ಬಾಯಿ ನಮ್ಮ ಕಡೆಯವರು

ಪುಣೆಯ ಗುರುವಾರ ಪೇಟೆಯಲ್ಲಿ ಪಂಚಹೌದ್ ಅಂತ ಒಂದು ಜಾಗ ಇದೆ. ಹೌದ್ ಅಂದರೆ ನೀರಿನ ತೊಟ್ಟಿ. ಐದು ತೊಟ್ಟಿಗಳಿಂದ ಬಂದ ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಆಂಗ್ಲಿಕನ್ ಮಿಶನ್ನಿನವರು ಕಟ್ಟಿಸಿದ ಚರ್ಚು ಮತ್ತು ಅದರ ಎತ್ತರದ ಗಂಟೆಗೋಪುರ ಇವತ್ತಿಗೂ ಅಲ್ಲಿವೆ. 1890ರ ಅಕ್ಟೋಬರ್ 14ರಂದು ಈ ಮಿಶನ್ನಿನಲ್ಲಿ ಒಂದು ಭಾಷಣ ಇತ್ತು. ನ್ಯಾಯಮೂರ್ತಿ ರಾನಡೆ, ತಿಲಕರು, ಗೋಖಲೆ ಮುಂತಾದ ಊರಿನ ದೊಡ್ಡವರೆಲ್ಲ ಹೋಗಿದ್ದರು. ಭಾಷಣ ಮುಗಿದ ಮೇಲೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಮುಖಮುಲಾಜಿಗೆ ಕಪ್ಪು ಹಿಡಿದುಕೊಂಡು ಹಾಗೇ ಕೆಳಗಿಟ್ಟರು. ಎಲ್ಲರನ್ನೂ ಅಲ್ಲಿಗೆ ಸೇರಿಸಿದ್ದ ಗೋಪಾಳರಾವ್ ಜೋಶಿ ಎಂಬಾತನೇ ಆಮೇಲೆ ಅವರ ಹೆಸರುಗಳನ್ನು ‘ಪುಣೆ ವೈಭವ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟ. ಊರಿಗೆ ಬೆಂಕಿ ಬಿತ್ತು. ಶಂಕರಾಚಾರ್ಯರವರೆಗೆ ದೂರು ಹೋಯಿತು, ವಿಚಾರಣೆ ಕೂತಿತು, ಕೊನೆಗೆ ರಾನಡೆಯಂಥವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಒಂದು ಕಪ್ ಚಹಾಕ್ಕೆ!

ಪುಣೆಯಲ್ಲಿ ನಾಲ್ಕು ದಿನ ಇದ್ದವರಿಗೆಲ್ಲ ಈ ಚಹಾದ ಕಥೆ ಗೊತ್ತು. ಅದರ ಮರುತಿಂಗಳು, 1890ರ ನವೆಂಬರಿನಲ್ಲಿ, ಇದೇ ಊರಿಗೆ ಒಬ್ಬ ಹೆಂಗಸು ಒಂದಷ್ಟು ಬಾಲವಿಧವೆಯರನ್ನು ಕಟ್ಟಿಕೊಂಡು ಮುಂಬಯಿಯಿಂದ ಬಂದಿಳಿದರು. ಪಂಡಿತಾ ರಮಾಬಾಯಿ. ಜೊತೆಗೆ ಬಂದದ್ದು ಅವರ ಶಾಲೆ, ಶಾರದಾ ಸದನ. ನನ್ನ ಮಟ್ಟಿಗೆ ಚಹಾ ಪ್ರಕರಣಕ್ಕಿಂತ ಇದು ದೊಡ್ಡ ಸಂಗತಿ. ಆದರೆ ಇದರ ಕಡೆಗೆ ನನ್ನನ್ನು ಎಳೆದದ್ದು ಪುಸ್ತಕ ಅಲ್ಲ, ಒಂದು ಚರ್ಚಿನ ಹೆಂಗಸರ ಕೂಟ.

ನಾನು ಕಾರ್ಕಳದವಳು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ, ನಾಲ್ಕೂರು ತಿರುಗಿ ಪುಣೆಗೆ ವರ್ಗವಾಗಿ ಬಂದು ಇಲ್ಲೇ ನಿಂತೆ. ನಮ್ಮ ಶಾಖೆಯಲ್ಲಿ ಮರಾಠಿ ಕ್ರೈಸ್ತ ಸಹೋದ್ಯೋಗಿ ಒಬ್ಬರಿದ್ದರು, ಕ್ಯಾಶ್ ನೋಡುತ್ತಿದ್ದವರು. 2007ರ ಫೆಬ್ರವರಿಯಲ್ಲಿ ಒಂದು ದಿನ ಊಟದ ಹೊತ್ತಿಗೆ, “ಮ್ಯಾಡಮ್, ಮುಂದಿನ ಶುಕ್ರವಾರ ನಮ್ಮಲ್ಲಿ ಹೆಂಗಸರ ಪ್ರಾರ್ಥನೆ ಇದೆ, ಬರ್ತೀರಾ?” ಅಂದರು. ಮಾರ್ಚ್ ತಿಂಗಳ ಮೊದಲ ಶುಕ್ರವಾರ. ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಏನು ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅರ್ಧ ದಿನ ರಜೆ ಹಾಕಿದೆ. ಮನೆಯಲ್ಲಿ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಿ ಬಾ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರು” ಅಂದರು. ಅಷ್ಟೇ.

ಕ್ಯಾಂಪ್ ಕಡೆಯ ಒಂದು ಚರ್ಚು. ನೂರು ನೂರಿಪ್ಪತ್ತು ಹೆಂಗಸರು, ಬೇರೆ ಬೇರೆ ಪಂಗಡದವರು. ನೌವಾರಿ ಸೀರೆಯ ಅಜ್ಜಿಯರಿಂದ ಹಿಡಿದು ಕಾಲೇಜಿನ ಹುಡುಗಿಯರವರೆಗೆ. ವಿಶ್ವ ಪ್ರಾರ್ಥನಾ ದಿನ ಅಂತ ಇದಕ್ಕೆ ಹೆಸರು. ಅಮೆರಿಕದ ಚರ್ಚುಗಳ ಹೆಂಗಸರು 1880ರ ದಶಕದಲ್ಲಿ ಶುರುಮಾಡಿದ ಪ್ರಾರ್ಥನೆಯ ದಿನ ಬೆಳೆದು, 1927ರಿಂದ ಜಗತ್ತಿನ ದಿನವಾಯಿತಂತೆ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಪ್ರಾರ್ಥನೆಯನ್ನು ಬರೆದು ಕಳಿಸುತ್ತಾರೆ, ಉಳಿದ ದೇಶದವರು ಅದನ್ನೇ ತಮ್ಮ ಭಾಷೆಯಲ್ಲಿ ಓದುತ್ತಾರೆ. ಆ ವರ್ಷದ ಸರದಿ ಪರಗ್ವೆಯದು. ಪರಗ್ವೆ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಿ, ಅಲ್ಲಿನ ಹೆಂಗಸರು ಕೈಯಲ್ಲಿ ನೇಯುವ ಜಾಳಿಗೆಯ ವಿಷಯ ಹೇಳಿ, ಅಲ್ಲಿನ ಬಡತನದ ಬಗ್ಗೆ ಮರಾಠಿಯಲ್ಲಿ ಪ್ರಾರ್ಥನೆ ಮಾಡಿದರು. ಎದ್ದು ನಿಲ್ಲುವುದು ಯಾವಾಗ, ಕೂರುವುದು ಯಾವಾಗ ಅಂತ ಪಕ್ಕದವರನ್ನು ನೋಡಿಕೊಂಡು ನಾನೂ ಎದ್ದೆ, ಕೂತೆ. ನನ್ನ ದೇವರ ಹೆಸರು ನನ್ನ ಮನಸ್ಸಿನಲ್ಲಿತ್ತು. ಅದಕ್ಕೆ ಯಾರೂ ಅಡ್ಡ ಬರಲಿಲ್ಲ.

ಕೊನೆಗೆ ಕಾಣಿಕೆಯ ಚೀಲ ಬಂತು. ಅದನ್ನು ಎಣಿಸುವಾಗ ನನ್ನ ಸಹೋದ್ಯೋಗಿ, “ಮ್ಯಾಡಮ್ ಬ್ಯಾಂಕಿನವರೇ ಇದ್ದಾರಲ್ಲ” ಅಂತ ನನ್ನನ್ನೂ ಮೇಜಿಗೆ ಕೂರಿಸಿದರು. ಹತ್ತು ರೂಪಾಯಿಯ ನೋಟುಗಳು, ಐದರ, ಎರಡರ ನಾಣ್ಯಗಳು, ಮಡಿಸಿ ಮಡಿಸಿ ಬೆವರಿಗೆ ಮೆತ್ತಗಾದ ಇಪ್ಪತ್ತರ ನೋಟುಗಳು. ಎಲ್ಲ ಸೇರಿ ಮೂರು ಸಾವಿರದ ಮೇಲೆ ಚಿಲ್ಲರೆ. ಆದರೆ ಲೆಕ್ಕ ಹೇಗೆ ಅಂತೀರಿ! ಇಬ್ಬರು ಬೇರೆ ಬೇರೆ ಎಣಿಸಬೇಕು, ಚೀಟಿ ಎರಡು ಪ್ರತಿ, ಇಬ್ಬರ ಸಹಿ, ಅದೇ ಸಂಜೆ ವಹಿಯಲ್ಲಿ ಜಮಾ. ನಮ್ಮ ಬ್ಯಾಂಕಿನ ಜಾಯಿಂಟ್ ಕಸ್ಟಡಿಗೆ ಯಾವುದರಲ್ಲೂ ಕಡಿಮೆ ಇಲ್ಲ. ನನಗೆ ಮನೆಗೆ ಬಂದ ಹಾಗಾಯಿತು.

ಮೇಜಿನ ಆಚೆ ಎಣಿಸುತ್ತಿದ್ದವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ನಾನು ನಾಣ್ಯ ಎಣಿಸುವಾಗ ಬಾಯಲ್ಲಿ “ಒಂದು, ಎರಡು” ಅಂದದ್ದು ಅವರ ಕಿವಿಗೆ ಬಿದ್ದಿರಬೇಕು. ತಲೆ ಎತ್ತಿ, “ಕನ್ನಡದವರೇನ್ರಿ? ಯಾ ಊರ್ರೀ ನಿಮ್ದು?” ಅಂದರು. ಗುಲ್ಬರ್ಗಾ ಕಡೆಯ ಕನ್ನಡ. ಕಾರ್ಕಳ ಅಂದೆ.

“ಕಾರ್ಕಳಾ? ಹಂಗಾರ ನಮ್ಮ ಬಾಯಿ ನಿಮ್ಮ ಕಡೀಯವರೇ ಅಲ್ಲೇನ್ರೀ!”

ಯಾವ ಬಾಯಿ ಅಂತ ಕೇಳಿದೆ. ಆ ಅಜ್ಜಿಯ ತಾಯಿ 1900ರ ಬರಗಾಲದಲ್ಲಿ ಗುಜರಾತಿನಿಂದ ಕೇಡಗಾಂವದ ಮುಕ್ತಿ ಆಶ್ರಮಕ್ಕೆ ಬಂದ ಹಸುಗೂಸು. ಅಲ್ಲೇ ಬೆಳೆದು, ಓದಿ, ಮುಂದೆ ರಮಾಬಾಯಿಯವರ ಮಗಳು ಮನೋರಮಾ ಗುಲ್ಬರ್ಗಾದಲ್ಲಿ ನಡೆಸಿದ ಶಾಲೆಯ ಕೆಲಸಕ್ಕೆ ಹೋಗಿ, ಆ ಕಡೆಯೇ ಸಂಸಾರ ಹೂಡಿದವರು. ಗುಜರಾತಿ ತಾಯಿ, ಮರಾಠಿ ಆಶ್ರಮ, ಕನ್ನಡದ ಮಗಳು. “ನಮ್ಮವ್ವಗ ತನ್ನ ಹಡೆದವ್ವನ ಹೆಸರು ಗೊತ್ತಿದ್ದಿಲ್ಲರಿ. ಬಾಯಿ ಅಂದ್ರ ಅವರೇ” ಅಂದರು ಅಜ್ಜಿ, ನಾಣ್ಯದ ಕಂತೆ ಕಟ್ಟುತ್ತಾ. ನಂತರ ಚಹಾ ಬಂತು. ಇಬ್ಬರೂ ಕುಡಿದೆವು.

ಅಲ್ಲಿಂದ ಮೇಲೆ ನಾನು ರಮಾಬಾಯಿಯವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಊರಿನವರಿಗೆ ಬೇಕಾದ ಭಾಗವನ್ನು ಇಲ್ಲಿ ಹೇಳುತ್ತೇನೆ.

ಕಾರ್ಕಳದಿಂದ ಘಟ್ಟದ ಕಡೆಗೆ ಹೊರಟರೆ ಮಾಳ ಸಿಗುತ್ತದೆ. ಅಲ್ಲಿನ ಚಿತ್ಪಾವನರ ಮನೆತನ ಡೋಂಗ್ರೆಯವರದು. ಅನಂತಶಾಸ್ತ್ರಿ ಡೋಂಗ್ರೆ ಹುಡುಗನಾಗಿದ್ದಾಗ ಸಂಸ್ಕೃತ ಕಲಿಯಲು ಬಂದದ್ದು ಎಲ್ಲಿಗೆ ಗೊತ್ತೇ? ಪುಣೆಗೆ. ಎರಡನೇ ಬಾಜೀರಾಯನ ಆಡಳಿತದ ಕಾಲ. ಅವರ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಗುರುಗಳ ಜೊತೆ ಅರಮನೆಗೆ ಹೋದ ಈ ಮಾಳದ ಹುಡುಗ, ಹೆಣ್ಣೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ಮೊದಲ ಸಲ ಕೇಳಿದ. ಅದೇ ತಲೆಯಲ್ಲಿ ಕೂತಿತು. ಊರಿಗೆ ಮರಳಿ ತನ್ನ ಹೆಂಡತಿಗೆ ಪಾಠ ಹೇಳಲು ಹೊರಟರೆ ಮನೆಯ ಹಿರಿಯರು ಬಿಡಲಿಲ್ಲ, ಆಕೆಗೂ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿ ಗೋದಾವರಿಯ ದಂಡೆಯಲ್ಲಿ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಕರೆತಂದರು. ಇವತ್ತು ಕೇಳಿದರೆ ಮೈ ಜುಮ್ಮೆನ್ನುವ ಮದುವೆ. ಆ ಮಗುವಿಗೇ ಅವರು ಸಂಸ್ಕೃತ ಕಲಿಸಿದರು.

ಜನ ಸುಮ್ಮನಿರುತ್ತಾರೆಯೇ? ಉಡುಪಿಯಲ್ಲಿ ಮಾಧ್ವ ಗುರುಗಳೂ ಪಂಡಿತರೂ ಸೇರಿದ ಸಭೆಯಲ್ಲಿ ಶಾಸ್ತ್ರಿಗಳು ಉತ್ತರ ಕೊಡಬೇಕಾಯಿತು. ಹೆಂಗಸರಿಗೆ ಸಂಸ್ಕೃತ ಕಲಿಸಬಹುದು ಅನ್ನುವುದಕ್ಕೆ ಶಾಸ್ತ್ರಗಳಿಂದಲೇ ಆಧಾರಗಳನ್ನು ಆಯ್ದು ಮುಂದಿಟ್ಟರು. ಆದರೂ ಊರವರ ಕಿರಿಕಿರಿ ಬೇಡವೆಂದು ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಕುದುರೆಮುಖದ ದಾರಿಯಲ್ಲಿ ಹೋದವರಿಗೆ ಅಲ್ಲಿನ ಮಳೆ, ಜಿಗಣೆ ಗೊತ್ತಿರುತ್ತದೆ. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿ. ಆಕೆಗೆ ಪಾಠ ಹೇಳಿದ್ದು ತಾಯಿ ಲಕ್ಷ್ಮೀಬಾಯಿ.

ಮಗು ಚಿಕ್ಕದಿರುವಾಗಲೇ ಕುಟುಂಬ ಯಾತ್ರೆಗೆ ಹೊರಟಿತು. ಪುರಾಣ ಹೇಳುತ್ತ, ದಕ್ಷಿಣೆ ಬಂದರೆ ತಿನ್ನುತ್ತ, ಊರಿಂದೂರಿಗೆ. 1874ರ ಹೊತ್ತಿಗೆ ಬರಗಾಲದಲ್ಲಿ ಹಸಿವಿನಿಂದ ತಂದೆ, ತಾಯಿ ಇಬ್ಬರೂ ಹೋದರು, ಅಕ್ಕನೂ ಹೋದಳು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ನಡೆದೇ ಉತ್ತರಕ್ಕೆ ಹೋಗಿ 1878ರಲ್ಲಿ ಕಲ್ಕತ್ತ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ಹುಡುಗಿಗೆ ‘ಪಂಡಿತಾ’, ‘ಸರಸ್ವತಿ’ ಅನ್ನುವ ಬಿರುದು ಕೊಟ್ಟರು. ಮರಾಠಿ, ಕನ್ನಡ, ಹಿಂದುಸ್ತಾನಿ, ಬಂಗಾಳಿ ಎಲ್ಲವೂ ಆಕೆಗೆ ಬರುತ್ತಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ಕಲ್ಕತ್ತದಲ್ಲಿ ಅಣ್ಣತಂಗಿಯನ್ನು ಕ್ರೈಸ್ತರ ಒಂದು ಕೂಟಕ್ಕೆ ಕರೆದರಂತೆ. ಅಂಥದ್ದನ್ನು ಅವರು ಕಂಡದ್ದು ಅದೇ ಮೊದಲು. ಅಲ್ಲಿ ಬ್ರಾಹ್ಮಣ ಮೂಲದ ಕ್ರೈಸ್ತರು ಇಂಗ್ಲಿಷಿನವರ ಜೊತೆ ಕೂತು ಬಿಸ್ಕತ್ತು ತಿಂದು ಚಹಾ ಕುಡಿಯುವುದನ್ನು ನೋಡಿ, ಕಲಿಯುಗ ಪೂರ್ತಿ ಬಂದೇಬಿಟ್ಟಿತು ಅಂದುಕೊಂಡರಂತೆ. ಆಮೇಲೆ ಎಲ್ಲರೂ ಕುರ್ಚಿಗಳ ಎದುರು ಮೊಣಕಾಲೂರಿದರು. ದೇವರ ಮೂರ್ತಿ ಎಲ್ಲೂ ಕಾಣದ್ದರಿಂದ, ಇವರು ಕುರ್ಚಿಗೇ ಪೂಜೆ ಮಾಡುತ್ತಾರೆ ಅಂತ ಇಬ್ಬರಿಗೂ ಅನ್ನಿಸಿತಂತೆ! 1907ರಲ್ಲಿ ತಮ್ಮ ಬದುಕಿನ ಕಥೆ ಬರೆಯುವಾಗ ರಮಾಬಾಯಿ ಇದನ್ನು ನಗುನಗುತ್ತಲೇ ಹೇಳಿಕೊಂಡಿದ್ದಾರೆ. ಪಕ್ಕದವರನ್ನು ನೋಡಿ ಎದ್ದು ಕೂತ ನನಗೆ ಇದನ್ನು ಓದುವಾಗ ಎಷ್ಟು ಹಗುರಾಯಿತೆಂದರೆ ಹೇಳತೀರದು.

ಅಣ್ಣ ತೀರಿಕೊಂಡ. 1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರ ಜೊತೆ ಜಾತಿ ಮೀರಿದ ಮದುವೆ. ಮರುವರ್ಷ ಮಗಳು ಮನೋರಮಾ. 1882ರಲ್ಲಿ ಕಾಲರಾದಿಂದ ಗಂಡನೂ ಹೋದ. ಇಪ್ಪತ್ತನಾಲ್ಕರ ವಿಧವೆ ಮಗುವನ್ನೆತ್ತಿಕೊಂಡು ಪುಣೆಗೆ ಬಂದು, ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರು ಮನೆಯಿಂದ ಹೊರಟು ಒಂದು ಕಡೆ ಸೇರಿ ಮಾತಾಡುವುದೇ ಆಗ ಅಪರಾಧ. ರಾನಡೆಯವರ ಹೆಂಡತಿ ರಮಾಬಾಯಿ ರಾನಡೆ ಈ ಸಭೆಗಳಿಗೆ ಹೋಗುತ್ತಿದ್ದದ್ದಕ್ಕೆ ಮನೆಯ ಹಿರಿಯ ಹೆಂಗಸರಿಂದ ಏನೇನು ಕೇಳಿಸಿಕೊಳ್ಳಬೇಕಾಯಿತು ಅನ್ನುವುದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಪುಣೆಯ ಸೇವಾಸದನಕ್ಕೆ ಮುಂದೆ ಜೀವ ಕೊಟ್ಟವರು ಇದೇ ರಮಾಬಾಯಿ ರಾನಡೆ.

1883ರಲ್ಲಿ ಪಂಡಿತಾ ರಮಾಬಾಯಿ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಸನ್ಯಾಸಿನಿಯರ ಆಶ್ರಯದಲ್ಲಿದ್ದು ಸೆಪ್ಟೆಂಬರಿನಲ್ಲಿ ಕ್ರೈಸ್ತರಾದರು. ಅವರ ಮನಸ್ಸನ್ನು ತಿರುಗಿಸಿದ್ದು ಬರೀ ಬೋಧನೆಯಲ್ಲ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ದಾರಿ ತಪ್ಪಿದವರೆಂದು ಲೋಕ ಹೊರಗೆ ದಬ್ಬಿದ ಹೆಂಗಸರನ್ನು ಈ ಸನ್ಯಾಸಿನಿಯರು ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದದ್ದನ್ನು ಕಂಡದ್ದು ಅಂತ ಅವರೇ ಬರೆದಿದ್ದಾರೆ. ಅಂಥವರಿಗೆ ಜಾಗವೇ ಇಲ್ಲದ ಸಮಾಜದಿಂದ ಹೋದವರಲ್ಲವೇ. ಆದರೆ ಸುಲಭದ ಕ್ರೈಸ್ತರೂ ಆಗಲಿಲ್ಲ ಅವರು. ಬುದ್ಧಿ ಹೇಳಲು ಬಂದ ಪಾದ್ರಿಗಳ ಜೊತೆಗೂ ಪತ್ರಗಳಲ್ಲಿ ಜಗಳವಾಡಿದವರು.

1886ರಲ್ಲಿ ಅಮೆರಿಕಕ್ಕೆ. ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಡಾಕ್ಟರಾಗುವುದನ್ನು ನೋಡಲು. (ಆನಂದಿಬಾಯಿಯ ಗಂಡನೇ ಚಹಾ ಪ್ರಕರಣದ ಗೋಪಾಳರಾವ್. ಪುಣೆ ಸಣ್ಣ ಊರು ಆಗ.) ನನ್ನಂಥ ಬ್ಯಾಂಕಿನವಳಿಗೆ ಕಥೆಯ ಮುಖ್ಯ ಭಾಗ ಇಲ್ಲಿಂದ ಶುರು. ರಮಾಬಾಯಿ ಬಂದ ಕೆಲಸ ಮುಗಿಸಿ ಹಿಂತಿರುಗಲಿಲ್ಲ. ಎರಡು ವರ್ಷಕ್ಕೂ ಮೇಲೆ ಊರೂರು ತಿರುಗಿ, ಚರ್ಚುಗಳ ಹೆಂಗಸರ ಕೂಟಗಳಲ್ಲಿ, ಮದ್ಯಪಾನ ವಿರೋಧಿ ಮಹಿಳಾ ಸಂಘಗಳಲ್ಲಿ ಮಾತಾಡಿದರು. 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಮೇಲ್ಜಾತಿಯ ಹಿಂದೂ ಹೆಂಗಸಿನ ಸ್ಥಿತಿ ತಿಳಿಸಿದರು. ಆ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಅದರ ಕೈಕೆಳಗೆ ಊರೂರಲ್ಲಿ ‘ರಮಾಬಾಯಿ ಮಂಡಳಿ’ಗಳು. ಒಂದೊಂದು ಮಂಡಳಿಯ ಹೆಂಗಸರೂ ವರ್ಷಕ್ಕಿಷ್ಟು ಅಂತ ಹತ್ತು ವರ್ಷ ಕೊಡುವ ಮಾತು ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿಕರಿಂಗ್ ಡೆಪಾಸಿಟ್. ಇವರು ಕಣ್ಣಲ್ಲೂ ಕಾಣದ ಬಾಲವಿಧವೆಯರಿಗಾಗಿ, ಮನೆಖರ್ಚಿನಲ್ಲಿ ಉಳಿಸಿದ ಡಾಲರು. ಶಾಲೆಯಲ್ಲಿ ಯಾವ ಧರ್ಮದ ಒತ್ತಾಯವೂ ಇರಬಾರದು ಎಂಬ ಷರತ್ತಿಗೂ ಒಪ್ಪಿಕೊಂಡರು. ಮತಾಂತರಕ್ಕಲ್ಲ, ಓದಿಗೆ ಮಾತ್ರ ಅಂತ ಸಾವಿರಾರು ಮೈಲಿ ಆಚೆಯ ಚರ್ಚಿನ ಹೆಂಗಸರು ಹಣ ಕೊಟ್ಟದ್ದನ್ನು ನಾವು ಪೂರ್ತಿ ಮರೆತಿದ್ದೇವೆ. ಆವತ್ತು ಮೇಜಿನ ಮೇಲೆ ನಾನು ಕಟ್ಟಿದ ನಾಣ್ಯದ ಕಂತೆಗೂ ಈ ಡಾಲರಿಗೂ ಇರುವ ನೆಂಟಸ್ತಿಕೆ ನನಗೆ ಹೊಳೆದದ್ದು ಇದನ್ನು ಓದುವಾಗ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. 1896ರಲ್ಲಿ ವಿಧವೆಯರ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದ ಕರ್ವೆ ಅವರೇ.

ಅದೇ 1893ರಲ್ಲಿ ಪುಣೆ ಸಿಡಿಯಿತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ ‘ಕೇಸರಿ’ ಬೆಂಕಿ ಕಾರಿತು. ಬೆನ್ನಿಗಿದ್ದ ರಾನಡೆ, ಭಂಡಾರಕರ್ ಇಬ್ಬರೂ ಸಲಹಾ ಮಂಡಳಿ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ನನ್ನ ಅಭಿಪ್ರಾಯ ಕೇಳಿದರೆ, ಒತ್ತಾಯ ಇಲ್ಲ ಎಂದ ಶಾಲೆಯಲ್ಲಿ ಮುಖ್ಯಸ್ಥೆಯ ತೆರೆದ ಬಾಗಿಲೂ ಒಂದು ಕರೆಯೇ ಅಂತ ತಂದೆತಾಯಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಮನೆಗೆ ಹೋದ ವಿಧವೆ ಹುಡುಗಿಯರ ತಲೆಗೂದಲು, ಒಪ್ಪೊತ್ತಿನ ಊಟ, ಕತ್ತಲೆ ಕೋಣೆ ಇವುಗಳ ಬಗ್ಗೆ ಆ ಪತ್ರಿಕೆಗಳು ಅದೇ ಕಾವಿನಿಂದ ಬರೆದಿದ್ದರೆ ನಾನು ಅವರ ಮಾತಿಗೆ ಹೆಚ್ಚು ತೂಕ ಕೊಡುತ್ತಿದ್ದೆ.

ಹತ್ತು ವರ್ಷದ ಭರವಸೆ ಮುಗಿಯುವ ದಿನ ಬರುತ್ತದಲ್ಲ, ಅದಕ್ಕೆ ರಮಾಬಾಯಿ ಮೊದಲೇ ತಯಾರಾಗಿದ್ದರು. ಪುಣೆಯಿಂದ ಅರವತ್ತು ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಜಮೀನು ಕೊಂಡು ಹಣ್ಣಿನ ಗಿಡ ನೆಡಿಸಿದ್ದರು, ಫಸಲಿನಿಂದ ಶಾಲೆ ನಡೆಯಲಿ ಅಂತ. ಇಂಥ ಮುಂದಾಲೋಚನೆ ಇರುವ ಸಾಲಗಾರರು ನನ್ನ ಸರ್ವೀಸಿನಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಗಿಡ ಫಲ ಕೊಡುವ ಮೊದಲೇ 1896–97ರ ಬರ ಬಂತು. ತಂದೆತಾಯಿಯನ್ನು ಹಸಿವಿಗೆ ಕಳೆದುಕೊಂಡವರು ಸುಮ್ಮನೆ ಕೂರಲಿಲ್ಲ. ಮಧ್ಯಪ್ರಾಂತಕ್ಕೆ ತಾವೇ ಹೋಗಿ ನೂರಾರು ಹೆಂಗಸರು ಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು. ಹಾಗಾಗಿ ಎಲ್ಲರೂ ಕೇಡಗಾಂವದ ತೋಟಕ್ಕೆ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ 1,500 ಜನ. ಇನ್ನು ಜಾತಿ, ಮೇಲ್ಜಾತಿ ಅಂತ ಇಲ್ಲ. ಧರ್ಮದ ವಿಷಯದಲ್ಲಿ ಹಿಂದಿನ ಮುಚ್ಚುಮರೆಯೂ ಇಲ್ಲ, ಅದು ಕ್ರೈಸ್ತ ಆಶ್ರಮವೇ. ಹೊಲ, ದನದ ಕೊಟ್ಟಿಗೆ, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಪಾಠ, ಎಲ್ಲವನ್ನೂ ನಡೆಸಿದವರು ಹೆಂಗಸರು.

1905ರಲ್ಲಿ ಅಲ್ಲಿ ಎದ್ದ ಪ್ರಾರ್ಥನೆಯ ಅಲೆಯ ಬಗ್ಗೆ ಕ್ರೈಸ್ತ ಇತಿಹಾಸಕಾರರು ಬಹಳ ಬರೆಯುತ್ತಾರೆ. ಬೆಳಗಿನ ಪ್ರಾರ್ಥನೆಗೆ ಬನ್ನಿ ಅಂದಾಗ ಬಂದ ಎಪ್ಪತ್ತು ಹೆಂಗಸರು ಆರು ತಿಂಗಳಲ್ಲಿ ಐನೂರು ದಾಟಿದರಂತೆ. ನನಗೆ ಅದರೊಳಗೆ ಇಳಿಯಲು ಬರುವುದಿಲ್ಲ. ನನ್ನ ಬೆರಗು ಅಚ್ಚುಕೂಟದ್ದು. ಆಗಿದ್ದ ಮರಾಠಿ ಬೈಬಲ್ಲು ಹಳ್ಳಿಯ ಹೆಂಗಸರಿಗೆ ಅರ್ಥವಾಗುವುದಿಲ್ಲ ಅಂತ, ರಮಾಬಾಯಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಗ್ರಂಥವನ್ನು ತಿಳಿಮರಾಠಿಗೆ ತರಲು ಕೂತರು. ಹದಿನೈದು ವರ್ಷಕ್ಕೂ ಮೀರಿದ ಕೆಲಸ. ಮೊಳೆ ಜೋಡಿಸಿದವರೂ, ಕರಡು ತಿದ್ದಿದವರೂ, ಅಚ್ಚು ಹಾಕಿದವರೂ ಆಶ್ರಮದ ಹುಡುಗಿಯರೇ. ಗಂಗಾಮೂಲದ ಕಾಡಿನಲ್ಲಿ ಅಮ್ಮ ಮಗಳಿಗೆ ಪಾಠ ಹೇಳಿದ್ದು ಇಲ್ಲಿಯವರೆಗೆ ಬಂತು ನೋಡಿ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಮಗಳು ಮನೋರಮಾ 1921ರ ಜುಲೈಯಲ್ಲಿ, ತಾಯಿಗಿಂತ ಮೊದಲೇ, ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು. 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಮರಾಠಿಯಲ್ಲಿ ಅವರ ಮೇಲೆ ಪುಸ್ತಕಗಳು ಬರುತ್ತಲೇ ಇವೆ. ನಮ್ಮ ಕಡೆ, ಮದುವೆ ಮುಂಜಿಗೆ ಊರಿಗೆ ಹೋದಾಗಲೆಲ್ಲ ನಾನು ವಿಷಯ ತೆಗೆದು ನೋಡಿದ್ದೇನೆ. “ಹೌದಾ, ಮಾಳದವರಾ?” ಅಂತ ಕೇಳಿ, ಮುಂದಿನ ಮಾತು “ಮತಾಂತರ ಆದವರಲ್ಲವಾ” ಅಂತ ಬಂದು ನಿಲ್ಲುತ್ತದೆ. ಉಡುಪಿಯ ಸಭೆ, ಲಕ್ಷ್ಮೀಬಾಯಿ, ಗಂಗಾಮೂಲ ಇವೆಲ್ಲ ನಮ್ಮ ಜಮಾ ಪುಟದಲ್ಲಿರಬೇಕಾದ ಬಾಬ್ತುಗಳು. ಯಾರೋ ಆ ಪುಟವನ್ನೇ ಹರಿದಿಟ್ಟ ಹಾಗಿದೆ.

ಆ ಅಜ್ಜಿ ಈಗಿಲ್ಲ. ಅವರೇ ಕರೆದುಕೊಂಡು ಹೋಗಿ ನನಗೆ ಮುಕ್ತಿ ತೋರಿಸಿದರು. ಸಂಸ್ಥೆ ಇವತ್ತಿಗೂ ನಡೆಯುತ್ತಿದೆ, ಅನಾಥ ಮಕ್ಕಳೂ ಒಂಟಿ ಹೆಂಗಸರೂ ಅಲ್ಲಿದ್ದಾರೆ. ನೋಡಬೇಕೆನ್ನುವವರು ಬೆಂಗಳೂರಿನಿಂದಲೋ ಕಲಬುರಗಿಯಿಂದಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದರೆ ದೌಂಡ್‌ನಲ್ಲಿ ಇಳಿದು, ಪುಣೆ ಕಡೆಗೆ ಹೋಗುವ ಲೋಕಲ್ ಗಾಡಿ ಹಿಡಿಯಬೇಕು. ಕೇಡಗಾಂವ ಸ್ಟೇಷನ್ನಿನಲ್ಲಿ ಯಾರನ್ನಾದರೂ ‘ಮುಕ್ತಿ’ ಅಂತ ಕೇಳಿದರೆ ಸಾಕು, ದಾರಿ ತೋರಿಸುತ್ತಾರೆ.